ದೊಡ್ಡದಾಗಿ ಕಂಡರೆ ಸಾಲದು, ಬಿಡಿಯಾಗಿ ಕಾಣಬೇಕು

ಸೂಕ್ಷ್ಮದರ್ಶಕ ಸಾವಿರ ಪಟ್ಟಿಗೆ ಬಂದು ಏಕೆ ನಿಲ್ಲುತ್ತದೆ? ಆ ಗಡಿಯನ್ನು ಕಂಡುಹಿಡಿದವರು ಯಾರು, ದಾಟಿದವರು ಹೇಗೆ ದಾಟಿದರು?

ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಬೆಳಿಗ್ಗೆ ಬಂದ ಕಫದ ಡಬ್ಬಿಗಳು ಮಧ್ಯಾಹ್ನದ ಹೊತ್ತಿಗೆ ಗಾಜಿನ ಸ್ಲೈಡುಗಳಾಗಿರುತ್ತವೆ. ಲ್ಯಾಬ್ ಟೆಕ್ನೀಷಿಯನ್ ಸ್ಲೈಡಿಗೆ ಕೆಂಪು ಬಣ್ಣ ಸುರಿದು ಬಿಸಿ ಮಾಡುತ್ತಾರೆ. ಆಮ್ಲದಿಂದ ತೊಳೆದು, ಮೇಲೊಂದು ನೀಲಿ ಬಣ್ಣ ಹಾಕುತ್ತಾರೆ. ಒಣಗಿದ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ನೂರು ಪಟ್ಟಿನ ಮಸೂರವನ್ನು ಆ ಎಣ್ಣೆಗೆ ಮುಟ್ಟುವಷ್ಟು ಇಳಿಸುತ್ತಾರೆ. ಕಣ್ಣಿಡುವ ಕಡೆ ಇನ್ನೊಂದು ಹತ್ತು ಪಟ್ಟಿನ ಮಸೂರವಿರುತ್ತದೆ. ನೂರನ್ನು ಹತ್ತರಿಂದ ಗುಣಿಸಿದರೆ ಸಾವಿರ. ನೀಲಿ ಹಿನ್ನೆಲೆಯಲ್ಲಿ ಕೆಂಪು ಎಳೆಗಳು ಕಂಡರೆ ಅದು ಕ್ಷಯ.

ಕ್ಷಯದ ರೋಗಾಣು ಉದ್ದದಲ್ಲಿ 2ರಿಂದ 4 ಮೈಕ್ರೊಮೀಟರ್, ದಪ್ಪದಲ್ಲಿ 0.2ರಿಂದ 0.5 ಮೈಕ್ರೊಮೀಟರ್. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲೇ ಒಂದು ಮೈಕ್ರೊಮೀಟರ್. ಸಾವಿರ ಪಟ್ಟು ಹಿಗ್ಗಿಸಿದಾಗಲೂ ರೋಗಾಣುವಿನ ದಪ್ಪ ಮಿಲಿಮೀಟರಿನ ಮೂರನೇ ಒಂದು ಪಾಲಿನ ಆಸುಪಾಸು. ಇಷ್ಟು ಬಡಕಲು ಎಳೆಯನ್ನು ನಂಬಿ ಒಬ್ಬ ಮನುಷ್ಯನ ಆರು ತಿಂಗಳ ಚಿಕಿತ್ಸೆ ತೀರ್ಮಾನವಾಗಬೇಕಾದರೆ, ಐದು ಸಾವಿರ ಪಟ್ಟಿನ ಯಂತ್ರವನ್ನೇಕೆ ತರಿಸಬಾರದು ಎಂದು ಯಾರಿಗಾದರೂ ಅನಿಸೀತು. ತರಿಸಬಹುದು, ಕಷ್ಟವೇನಿಲ್ಲ. ಆದರೆ ಅದರಲ್ಲಿ ಸಾವಿರ ಪಟ್ಟಿನಲ್ಲಿ ಕಂಡದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಕಾಣುವುದಿಲ್ಲ. ಹೀಗೇಕೆ ಎಂಬುದು ತಿಳಿಯಲು ವಿಜ್ಞಾನಕ್ಕೆ ಸುಮಾರು ಎರಡು ಶತಮಾನ ಹಿಡಿಯಿತು.

ಹತ್ತಿರ ತರುವ ಗಾಜು

ಒಂದು ವಸ್ತು ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಅದು ಎಷ್ಟು ಹತ್ತಿರವಿದೆ ಎಂಬುದರ ಮೇಲೆ ನಿಂತಿದೆ. ಆದರೆ ತೀರಾ ಹತ್ತಿರ ತಂದರೆ ಕಣ್ಣಿನ ಮಸೂರಕ್ಕೆ ಅದನ್ನು ಹಿಡಿದಿಡಲಾಗದೆ ಎಲ್ಲ ಮಸುಕಾಗುತ್ತದೆ. ಆರೋಗ್ಯವಂತ ವಯಸ್ಕರ ಕಣ್ಣು ಆಯಾಸವಿಲ್ಲದೆ ನೋಡಬಲ್ಲ ಕನಿಷ್ಠ ದೂರ 25 ಸೆಂಟಿಮೀಟರ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡಿದ್ದಾರೆ. ಭೂತಗನ್ನಡಿ ಮಾಡುವ ಕೆಲಸ ಇಷ್ಟೇ: ವಸ್ತುವನ್ನು ಇದಕ್ಕಿಂತಲೂ ಹತ್ತಿರ ಇಟ್ಟುಕೊಂಡು ಸ್ಪಷ್ಟವಾಗಿ ನೋಡಲು ಅದು ಕಣ್ಣಿಗೆ ನೆರವಾಗುತ್ತದೆ. ಮಸೂರದ ಸಂಗಮದೂರ 5 ಸೆಂಟಿಮೀಟರ್ ಇದ್ದರೆ 25ನ್ನು 5ರಿಂದ ಭಾಗಿಸಿ. ಐದು ಪಟ್ಟು ವರ್ಧನೆ. ಚಿನ್ನದಂಗಡಿಯವರು ಕಣ್ಣಿಗೆ ಒತ್ತಿಕೊಳ್ಳುವ ಹತ್ತು ಪಟ್ಟಿನ ಮಸೂರದ ಸಂಗಮದೂರ ಎರಡೂವರೆ ಸೆಂಟಿಮೀಟರ್. ಸಂಗಮದೂರ ಕುಗ್ಗಿದಂತೆ ವರ್ಧನೆ ಹಿಗ್ಗುತ್ತದೆ, ಮಸೂರ ಪುಟ್ಟದಾಗುತ್ತದೆ, ಉಬ್ಬುತ್ತದೆ, ಕೊನೆಗೆ ಗಾಜಿನ ಗುಂಡಾಗುತ್ತದೆ.

ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ಎರಡು ಹಂತಗಳಿವೆ. ಸ್ಲೈಡಿನ ಮೇಲೆ ನಿಂತಿರುವ ವಸ್ತುಮಸೂರ ಕೊಳವೆಯೊಳಗೆ ಒಂದು ದೊಡ್ಡ ಪ್ರತಿಬಿಂಬವನ್ನು ಮೂಡಿಸುತ್ತದೆ. ನೇತ್ರಮಸೂರ ಆ ಪ್ರತಿಬಿಂಬವನ್ನು ಭೂತಗನ್ನಡಿಯಂತೆ ಮತ್ತೆ ಹಿಗ್ಗಿಸುತ್ತದೆ. ಎರಡರ ಅಂಕಿಗಳನ್ನು ಗುಣಿಸಿದಾಗ ಒಟ್ಟು ವರ್ಧನೆ ಸಿಗುತ್ತದೆ. ಇಲ್ಲೊಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನೇತ್ರಮಸೂರದ ಮುಂದೆ ವಸ್ತುವೇ ಇಲ್ಲ, ಅದರ ಪ್ರತಿಬಿಂಬ ಮಾತ್ರ ಇದೆ. ಆ ಪ್ರತಿಬಿಂಬದೊಳಗೆ ಮೊದಲೇ ಇಳಿದಿರದ ವಿವರವನ್ನು ಎಷ್ಟೇ ಬಲವಾದ ನೇತ್ರಮಸೂರವೂ ಹುಟ್ಟಿಸಲಾರದು. ದಿನಪತ್ರಿಕೆಯಲ್ಲಿ ಅಚ್ಚಾದ ಮುಖಚಿತ್ರವನ್ನು ಭೂತಗನ್ನಡಿಯಿಂದ ನೋಡಿದವರಿಗೆ ಇದು ಗೊತ್ತು: ಹತ್ತಿರ ಹೋದಂತೆ ಕಣ್ರೆಪ್ಪೆಗಳು ಸಿಗುವುದಿಲ್ಲ, ಮಸಿಯ ಚುಕ್ಕೆಗಳು ದಪ್ಪವಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಇಂಥದ್ದನ್ನು ತಜ್ಞರು ಪೊಳ್ಳು ವರ್ಧನೆ ಎನ್ನುತ್ತಾರೆ.

ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿ

1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ‘ಮೈಕ್ರೊಗ್ರಾಫಿಯಾ’ ಪ್ರಕಟಿಸಿದಾಗ ಎರಡು ಹಂತದ ಸೂಕ್ಷ್ಮದರ್ಶಕ ಬಳಕೆಗೆ ಬಂದಾಗಿತ್ತು. ಚಿಗಟ, ಹೇನು, ಬೆಂಡಿನ ಚೂರಿನೊಳಗಿನ ಗೂಡುಗಳು ಅದರಲ್ಲಿ ಕಂಡವು. ಆದರೆ ಆ ಕಾಲದ ಗಾಜು ಬಿಳಿಯ ಬೆಳಕನ್ನು ಬಣ್ಣಗಳಾಗಿ ಒಡೆಯುತ್ತಿತ್ತು. ಮಸೂರದ ಅಂಚಿನಿಂದ ಬಂದ ಕಿರಣಗಳು ನಡುವಿನಿಂದ ಬಂದವುಗಳ ಜೊತೆ ಒಂದೇ ಬಿಂದುವಿನಲ್ಲಿ ಕೂಡುತ್ತಿರಲಿಲ್ಲ. ಒಂದು ಮಸೂರದ ದೋಷವನ್ನು ಮುಂದಿನದು ಹಿಗ್ಗಿಸುತ್ತಿತ್ತು. ವರ್ಧನೆ ಏರಿಸಿದಷ್ಟೂ ಅಂಚುಗಳ ಸುತ್ತ ಕಾಮನಬಿಲ್ಲಿನ ಬಣ್ಣ, ನಡುವೆ ಮಬ್ಬು.

ಈ ತೊಡಕಿನಿಂದ ತಪ್ಪಿಸಿಕೊಂಡು ಹೋದವರು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್. 1632ರಲ್ಲಿ ಹುಟ್ಟಿದ ಅವರಿಗೆ ವಿಶ್ವವಿದ್ಯಾಲಯದ ಓದಿರಲಿಲ್ಲ. ಎರಡು ಲೋಹದ ತಗಡುಗಳ ನಡುವೆ ಒಂದೇ ಒಂದು ಪುಟ್ಟ ಮಸೂರ, ಮುಂದೆ ವಸ್ತುವನ್ನು ಚುಚ್ಚಿ ನಿಲ್ಲಿಸುವ ಮೊಳೆ, ಹೊಂದಿಸಲು ತಿರುಪು: ಅಂಗೈಯಲ್ಲಿ ಅಡಗುವ ಆ ಉಪಕರಣವನ್ನು ಕಣ್ಣಿಗೆ ತಾಗಿಸಿ ಬೆಳಕಿನತ್ತ ಹಿಡಿಯಬೇಕಿತ್ತು. ಇಂಥವನ್ನು ಅವರು ನೂರಾರು ಮಾಡಿಕೊಂಡರು. ಇಂದು ಉಳಿದಿರುವುದು ಸುಮಾರು ಹನ್ನೊಂದು ಹನ್ನೆರಡು. ಉಳಿದವುಗಳಲ್ಲಿ ಅತಿ ಬಲವಾದದ್ದು ಉಟ್ರೆಕ್ಟ್ ನಗರದಲ್ಲಿದೆ. ಅದರ ವರ್ಧನೆ ಸುಮಾರು 266 ಪಟ್ಟು, ಸಂಗಮದೂರ ಒಂದು ಮಿಲಿಮೀಟರಿಗಿಂತ ಕೊಂಚ ಕಡಿಮೆ. ಒಂದೇ ಗಾಜು, ಎರಡೇ ಮೇಲ್ಮೈ, ಹಾಗಾಗಿ ದೋಷವೂ ಕಡಿಮೆ. ಎರಡು ಮಸೂರಗಳ ದೊಡ್ಡ ಯಂತ್ರಗಳು ತೋರಿಸಲಾಗದ್ದನ್ನು ಈ ಗುಂಡುಗಾಜು ತೋರಿಸಿತು.

1676ರ ಅಕ್ಟೋಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಉದ್ದನೆಯ ಪತ್ರದಲ್ಲಿ, ಕಾಳುಮೆಣಸು ನೆನೆಹಾಕಿದ ನೀರಿನಲ್ಲಿ ಓಡಾಡುವ ಅತಿ ಚಿಕ್ಕ ಜೀವಿಗಳನ್ನು ಅವರು ವರ್ಣಿಸಿದರು. ನಂಬುವುದು ಕಷ್ಟವಾಯಿತು. ಸೊಸೈಟಿ ಹುಕ್ ಅವರಿಗೇ ಪರೀಕ್ಷಿಸಲು ಹೇಳಿತು. 1677ರ ನವೆಂಬರ್‌ನಲ್ಲಿ ಅವರ ಕಣ್ಣಿಗೂ ಅವು ಬಿದ್ದವು. 1683ರಲ್ಲಿ ಲೇವನ್‌ಹುಕ್ ತಮ್ಮ ಹಲ್ಲಿನ ಸಂದಿಯ ಬಿಳಿಪೊರೆಯಲ್ಲಿ ಕಂಡ ಜೀವಿಗಳ ಬಗ್ಗೆ ಬರೆದರು. ಬ್ಯಾಕ್ಟೀರಿಯಾಗಳನ್ನು ಕಂಡ ಮೊದಲ ಮನುಷ್ಯ ಅವರೇ. ನಮ್ಮ ಕಾಲದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಹೊರತಂದ ಕಾಗದದ ಸೂಕ್ಷ್ಮದರ್ಶಕ ‘ಫೋಲ್ಡ್‌ಸ್ಕೋಪ್’ ಇದೇ ವಂಶದ್ದು. 140 ಪಟ್ಟು ಹಿಗ್ಗಿಸುವ ಒಂದು ಗುಂಡು ಮಸೂರ ಅದರ ಜೀವ.

ಎರಡು ಮಸೂರಗಳ ಯಂತ್ರ ಮರಳಿ ಗೌರವ ಪಡೆದದ್ದು 1830ರಲ್ಲಿ, ಜೋಸೆಫ್ ಜಾಕ್ಸನ್ ಲಿಸ್ಟರ್ ಅವರಿಂದ. ಅವರೂ ವೃತ್ತಿಯಿಂದ ವ್ಯಾಪಾರಿ, ವೈನ್ ಮಾರುತ್ತಿದ್ದವರು. ಶಸ್ತ್ರಚಿಕಿತ್ಸೆಗೆ ಕ್ರಿಮಿನಾಶಕ ತಂದ ಜೋಸೆಫ್ ಲಿಸ್ಟರ್ ಇವರ ಮಗ. ಬಣ್ಣದ ದೋಷ ತಿದ್ದಿದ ಮಸೂರದ ಜೋಡಿಗಳನ್ನು ಒಂದರಿಂದ ಒಂದು ಎಷ್ಟು ದೂರದಲ್ಲಿಟ್ಟರೆ ಉಳಿದ ದೋಷ ಕೂಡಿಕೊಳ್ಳದೆ ಒಂದನ್ನೊಂದು ಅಳಿಸುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಆಮೇಲೆ ಒಳ್ಳೆಯ ಮಸೂರ ಮಾಡುವ ಪೈಪೋಟಿ ಆರಂಭವಾಯಿತು. ಕುಶಲಕರ್ಮಿಗಳು ಒಂದಾದ ಮೇಲೊಂದು ಗಾಜು ಬದಲಿಸಿ, ಕಣ್ಣಂದಾಜಿನಿಂದ ಹೊಂದಿಸಿ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳುತ್ತಿದ್ದರು. ಒಂದು ಮಸೂರ ಏಕೆ ಚೆನ್ನಾಗಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಯೇನಾದ ಲೆಕ್ಕ

ಜರ್ಮನಿಯ ಯೇನಾ ಪಟ್ಟಣದಲ್ಲಿ 1846ರಿಂದ ಕಾರ್ಯಾಗಾರ ನಡೆಸುತ್ತಿದ್ದ ಕಾರ್ಲ್ ಝೈಸ್ ಅವರಿಗೆ ಈ ಕಣ್ಣಂದಾಜು ಸಾಕಾಗಿ ಹೋಗಿತ್ತು. 1866ರಲ್ಲಿ ಅವರು ಅಲ್ಲಿನ ವಿಶ್ವವಿದ್ಯಾಲಯದ 26ರ ಹರೆಯದ ಉಪನ್ಯಾಸಕ ಅರ್ನ್‌ಸ್ಟ್ ಆಬೆ ಅವರನ್ನು ಕರೆದು, ಮಸೂರಗಳನ್ನು ಲೆಕ್ಕದಿಂದಲೇ ಮಾಡಲು ಸಾಧ್ಯವೇ ನೋಡಿ ಎಂದರು. ಆಬೆ ನೂಲಿನ ಗಿರಣಿಯ ಕಾರ್ಮಿಕನ ಮಗ.

ಮಸೂರದ ಅಂಚಿನ ಕಿರಣಗಳಿಂದಲೇ ದೋಷ ಬರುವುದಾದರೆ ಅಂಚನ್ನು ಮುಚ್ಚಿಬಿಟ್ಟು ಬಾಯಿ ಕಿರಿದು ಮಾಡಿದರಾಯಿತು ಎಂದು ಅವರು ಮೊದಲು ಯೋಚಿಸಿದರು. ಲೆಕ್ಕ ತಪ್ಪಿರಲಿಲ್ಲ, ಕಿರಣಗಳು ಅಚ್ಚುಕಟ್ಟಾಗಿ ಕೂಡಿದವು. ಆದರೆ ಆ ಮಸೂರಗಳು ಹಳೆಯ, ದೋಷವಿದ್ದ, ಅಗಲ ಬಾಯಿಯ ಮಸೂರಗಳು ತೋರಿಸುತ್ತಿದ್ದಷ್ಟು ವಿವರವನ್ನೂ ತೋರಿಸಲಿಲ್ಲ. ಈ ಸೋಲಿನ ಬೆನ್ನು ಹತ್ತಿ ಹೋದ ಆಬೆ 1873ರಲ್ಲಿ ಪ್ರಕಟಿಸಿದ ವಿವರಣೆಯೇ ಇಂದಿಗೂ ಸೂಕ್ಷ್ಮದರ್ಶಕ ವಿಜ್ಞಾನದ ಅಡಿಗಲ್ಲು.

ಬೆಳಕು ಒಂದು ಅಲೆ. ಸಣ್ಣ ವಿವರಗಳ ಮೂಲಕ ಹಾಯುವಾಗ ಅದು ನೆಟ್ಟಗೆ ಹೋಗದೆ ಬದಿಗೂ ಹರಡಿಕೊಳ್ಳುತ್ತದೆ. ಇದಕ್ಕೆ ವಿವರ್ತನೆ ಎಂದು ಹೆಸರು. ವಿವರ ಸೂಕ್ಷ್ಮವಾದಷ್ಟೂ ಹರಡುವ ಕೋನ ಅಗಲವಾಗುತ್ತದೆ. ಆ ಅಗಲ ಕೋನದಲ್ಲಿ ಹೊರಟ ಬೆಳಕು ಮಸೂರದ ಬಾಯಿಗೆ ಬಿದ್ದರೆ ಮಾತ್ರ ಆ ವಿವರ ಪ್ರತಿಬಿಂಬದಲ್ಲಿ ಮೂಡುತ್ತದೆ. ಬಾಯಿ ಕಿರಿದಾಗಿದ್ದರೆ ಬೆಳಕು ಹೊರಗೇ ಹೋಯಿತು, ವಿವರ ಅಲ್ಲಿಗೇ ಕಳೆಯಿತು. ಮುಂದೆ ಎಷ್ಟು ಪಟ್ಟು ಹಿಗ್ಗಿಸಿದರೂ ಅದು ಹಿಂತಿರುಗುವುದಿಲ್ಲ.

ಒಂದು ಮಸೂರ ಬೇರೆ ಬೇರೆಯಾಗಿ ತೋರಿಸಬಲ್ಲ ಎರಡು ಬಿಂದುಗಳ ನಡುವಿನ ಕನಿಷ್ಠ ಅಂತರ ತಿಳಿಯಬೇಕಾದರೆ, ಬೆಳಕಿನ ತರಂಗದೂರವನ್ನು ಮಸೂರದ ಬೆಳಕು ಹಿಡಿಯುವ ಸಾಮರ್ಥ್ಯದ ಎರಡರಷ್ಟರಿಂದ ಭಾಗಿಸಬೇಕು. ಯೇನಾದಲ್ಲಿರುವ ಆಬೆ ಸ್ಮಾರಕದ ಕಲ್ಲಿನ ಮೇಲೆ ಈ ಸೂತ್ರವನ್ನೇ ಕೊರೆದಿದ್ದಾರೆ. ಆ ಸಾಮರ್ಥ್ಯದ ಹೆಸರು ನ್ಯೂಮರಿಕಲ್ ಅಪರ್ಚರ್. ಲ್ಯಾಬ್‌ಗಳಲ್ಲಿ ಚಿಕ್ಕದಾಗಿ ಎನ್‌ಎ. ಮಾಮೂಲಿ ನೂರು ಪಟ್ಟಿನ ಮಸೂರದ ಎನ್‌ಎ 1.25. ಹಸಿರು ಬೆಳಕಿನ ತರಂಗದೂರ 550 ನ್ಯಾನೊಮೀಟರ್. ಭಾಗಿಸಿದರೆ 220 ನ್ಯಾನೊಮೀಟರ್, ಅಂದರೆ 0.22 ಮೈಕ್ರೊಮೀಟರ್. ಅದಕ್ಕಿಂತ ಹತ್ತಿರವಿರುವ ಎರಡು ಬಿಂದುಗಳು ಒಂದೇ ಬಿಂದುವಾಗಿ ಬೆಸೆದುಕೊಂಡೇ ಕಾಣುತ್ತವೆ.

ಸಾವಿರ ಪಟ್ಟಿನ ಗಡಿ ಬಂದದ್ದು ಇಲ್ಲಿಂದ. ಬರಿಗಣ್ಣಿನಲ್ಲಿ 25 ಸೆಂಟಿಮೀಟರ್ ದೂರದಿಂದ ನಾವು ಬಿಡಿಬಿಡಿಯಾಗಿ ಗುರುತಿಸಬಲ್ಲ ಅಂತರ ಹೆಚ್ಚುಕಡಿಮೆ 0.1 ಮಿಲಿಮೀಟರ್. 0.22 ಮೈಕ್ರೊಮೀಟರನ್ನು ಅಷ್ಟಕ್ಕೆ ಏರಿಸಲು 450 ಪಟ್ಟು ಸಾಕು. ಕಣ್ಣಿಗೆ ಶ್ರಮವಾಗದಿರಲೆಂದು ಅದನ್ನು ಇಮ್ಮಡಿ ಮಾಡಿಕೊಂಡರೆ ಸಾವಿರದ ಹತ್ತಿರ ಬಂತು. ಅತಿ ಚಿಕ್ಕ ವಿವರ ಆಗ 0.22 ಮಿಲಿಮೀಟರ್ ಆಗಿ ಆರಾಮಾಗಿ ಕಾಣುತ್ತದೆ. ಐದು ಸಾವಿರಕ್ಕೆ ಏರಿಸಿದರೆ ಅದೇ ವಿವರ 1.1 ಮಿಲಿಮೀಟರಿನ ಮಬ್ಬುಗುಳ್ಳೆಯಾಗುತ್ತದೆ, ಅಷ್ಟೆ. ಎನ್‌ಎಯನ್ನು 500ರಿಂದ 1000ದವರೆಗೆ ಗುಣಿಸಿದಾಗ ಬರುವ ವರ್ಧನೆಯೇ ಉಪಯುಕ್ತ ವರ್ಧನೆ ಎಂಬ ಲ್ಯಾಬ್‌ಗಳ ರೂಢಿಯ ಹಿಂದೆ ಇರುವುದು ಇದೇ ಲೆಕ್ಕ.

ಒಂದು ಹನಿ ಎಣ್ಣೆ

ಸ್ಲೈಡಿನ ಮೇಲೆ ಟೆಕ್ನೀಷಿಯನ್ ಬಿಡುವ ಎಣ್ಣೆಯ ಹನಿಗೆ ಅರ್ಥ ಬರುವುದೂ ಇಲ್ಲಿಯೇ. ಗಾಜಿನೊಳಗಿಂದ ಓರೆಯಾಗಿ ಬಂದ ಬೆಳಕು ಗಾಳಿಗೆ ಕಾಲಿಡುವಾಗ ಬಾಗುತ್ತದೆ; ಸುಮಾರು 41 ಡಿಗ್ರಿಗಿಂತ ಓರೆಯಾಗಿದ್ದರೆ ಹೊರಗೆ ಬರದೆ ಗಾಜಿನೊಳಕ್ಕೇ ಮರಳುತ್ತದೆ. ಸೂಕ್ಷ್ಮ ವಿವರಗಳನ್ನು ಹೊತ್ತಿರುವುದು ಆ ಓರೆ ಕಿರಣಗಳೇ. ಗಾಜಿನಷ್ಟೇ ವಕ್ರೀಭವನ ಸೂಚ್ಯಂಕವಿರುವ ಎಣ್ಣೆಯನ್ನು ನಡುವೆ ತುಂಬಿದರೆ ಬೆಳಕಿಗೆ ಗಾಜು ಮುಗಿದದ್ದೇ ತಿಳಿಯುವುದಿಲ್ಲ, ಅದು ನೆಟ್ಟಗೆ ಮಸೂರ ಸೇರುತ್ತದೆ. ಗಾಳಿಯಲ್ಲಿ 0.95ರ ಆಸುಪಾಸಿನಲ್ಲಿ ನಿಂತುಬಿಡುವ ಎನ್‌ಎ, ಎಣ್ಣೆಯ ನೆರವಿನಿಂದ 1.25ಕ್ಕೆ, 1.4ಕ್ಕೆ ಏರುತ್ತದೆ. ಎಣ್ಣೆಯಿಂದ ವರ್ಧನೆ ಒಂದಿಷ್ಟೂ ಹೆಚ್ಚುವುದಿಲ್ಲ, ಹೆಚ್ಚುವುದು ಬಿಡಿಸಿ ತೋರಿಸುವ ಶಕ್ತಿ.

ಝೈಸ್ ಕಾರ್ಖಾನೆ ಇಂಥ ಮಸೂರಗಳನ್ನು 1878ರಲ್ಲಿ ಹೊರತಂದಿತು. ಆಗ ಬಳಸಿದ್ದು ಸೀಡರ್ ಮರದ ಎಣ್ಣೆ. ಅವನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ರಾಬರ್ಟ್ ಕಾಖ್ ಒಬ್ಬರು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಅವರು ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದರು. ರೋಗಾಣುವಿನ ದಪ್ಪವನ್ನೂ ಮಸೂರದ ಮಿತಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ: ಒಂದು ಸುಮಾರು 0.3 ಮೈಕ್ರೊಮೀಟರ್, ಇನ್ನೊಂದು 0.22. ಕ್ಷಯಾಣು ನಮ್ಮ ದೃಷ್ಟಿಯ ಹೊಸಿಲಿನ ಮೇಲೆ ನಿಂತಿದೆ. ಆಬೆಯ ಗಣಿತ, ಆ ಎಣ್ಣೆ, ರೋಗಾಣುವಿಗೆ ಕಾಖ್ ಹಾಕಿದ ಬಣ್ಣ ಈ ಮೂರರಲ್ಲಿ ಒಂದು ಕಡಿಮೆಯಾಗಿದ್ದರೂ ಅದು ಇನ್ನಷ್ಟು ಕಾಲ ಕತ್ತಲಲ್ಲೇ ಉಳಿಯುತ್ತಿತ್ತು.

ಎಲ್ಲ ರೋಗಗಳೂ ಹೀಗೆ ಹೊಸಿಲಿನ ಮೇಲಿಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತಮ್ಮ ಬಂಗಲೆಯಲ್ಲಿ ಸೊಳ್ಳೆಗಳು ತೊಟ್ಟಿಯ ನೀರಿನಲ್ಲಿ ಹುಟ್ಟುವುದನ್ನು ಗಮನಿಸಿದ್ದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳನ್ನು ಕಂಡರು. ಮಲೇರಿಯಾ ಹರಡುವ ದಾರಿ ಅಲ್ಲಿ ಸಿಕ್ಕಿತು. ಆ ಹೊತ್ತಿಗೆ ಅವರ ಸೂಕ್ಷ್ಮದರ್ಶಕದ ತಿರುಪುಗಳು ಬೆವರಿನಿಂದ ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ನೇತ್ರಮಸೂರ ಬಿರುಕು ಬಿಟ್ಟಿತ್ತು. ಆದರೆ ಕೋಶದ ಅಗಲ 12 ಮೈಕ್ರೊಮೀಟರ್; ಬೆಳಕಿನ ಮಿತಿಗಿಂತ ಐವತ್ತು ಪಟ್ಟು ದೊಡ್ಡದು. ಯಾವ ಸೊಳ್ಳೆ, ಅದರ ಯಾವ ಅಂಗ, ರಕ್ತ ಹೀರಿದ ಎಷ್ಟನೇ ದಿನ ಎಂಬುದೇ ಅಲ್ಲಿ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಎರಡು ವರ್ಷ ಸೊಳ್ಳೆಗಳನ್ನು ಸೀಳುತ್ತ ಕೂತ ಪಟ್ಟಿನಿಂದ.

ತುಮಕೂರು ಕಲಿಸಿದ ಪಾಠ

ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದಾಗ, ಇಷ್ಟು ದೊಡ್ಡ ದೇಶದಲ್ಲಿ ಕ್ಷಯರೋಗಿಗಳನ್ನು ಹುಡುಕುವುದು ಹೇಗೆ ಎಂಬ ಚಿಂತೆ ಮುಂದಿತ್ತು. ಎಕ್ಸ್‌ರೇ ವಾಹನಗಳನ್ನು ಹಳ್ಳಿ ಹಳ್ಳಿಗೆ ಕಳಿಸುವುದು ದುಬಾರಿ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಂಸ್ಥೆ ಸಮೀಕ್ಷೆ ನಡೆಸಿತು. ಅಲ್ಲಿ ಪತ್ತೆಯಾದ ರೋಗಿಗಳನ್ನು ಮಾತಾಡಿಸಿದ ಸಮಾಜವಿಜ್ಞಾನಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಆರೋಗ್ಯ ಇಲಾಖೆಗಳ ಕಣ್ಣು ತೆರೆಸಿತು. ಹಳ್ಳಿಯವರಿಗೆ ರೋಗದ ಅರಿವೇ ಇಲ್ಲ ಎಂಬ ನಂಬಿಕೆ ಸುಳ್ಳಾಯಿತು. ಕೆಮ್ಮಿನಿಂದ ಬಳಲುತ್ತಿದ್ದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಕೆಮ್ಮಿನ ಔಷಧದ ಬಾಟಲಿ ಹಿಡಿದು ಮನೆಗೆ ಮರಳಿದ್ದರು.

ಅವರು ಹೋದ ಆಸ್ಪತ್ರೆಯಲ್ಲಿ ಒಂದು ಸೂಕ್ಷ್ಮದರ್ಶಕವೂ ಅದರಲ್ಲಿ ನೋಡಲು ಕಲಿತ ಒಬ್ಬರೂ ಇದ್ದಿದ್ದರೆ ಸಾಕಿತ್ತು. ಅಧ್ಯಯನ ಅಚ್ಚಾಗುವ ಮೊದಲೇ, 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆಯೇ ನಿಂತಿತು: ಸಾಮಾನ್ಯ ಆಸ್ಪತ್ರೆಗೆ ಬರುವ ಕೆಮ್ಮಿನವರ ಕಫವನ್ನು ಅಲ್ಲಿಯೇ ನೋಡಬೇಕು. ಸಾವಿರ ಪಟ್ಟಿನ ಆ ಯಂತ್ರ ಜಿಲ್ಲಾ ಕೇಂದ್ರದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹೋಬಳಿಗೆ ಇಳಿದದ್ದು ಭಾರತದ ಸಾರ್ವಜನಿಕ ಆರೋಗ್ಯದ ದೊಡ್ಡ ಹೆಜ್ಜೆ. ನಮ್ಮ ಜಿಲ್ಲೆಯೊಂದರ ಹಳ್ಳಿಗರ ಮಾತಿನಿಂದ ದೇಶದ ನೀತಿ ತಿದ್ದಿಕೊಂಡಿತು ಎಂಬುದು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ವರ್ಧನೆ ಇಳಿಸಿದಾಗ

ಹೆಚ್ಚು ಹಿಗ್ಗಿಸುವುದಕ್ಕೆ ಒಂದು ಬೆಲೆಯಿದೆ: ಕಾಣುವ ಜಾಗ ಕುಗ್ಗುತ್ತದೆ. ಸಾವಿರ ಪಟ್ಟಿನಲ್ಲಿ ಒಮ್ಮೆಗೆ ಕಣ್ಣಿಗೆ ಬೀಳುವ ವೃತ್ತದ ಅಗಲ ಸುಮಾರು 0.2 ಮಿಲಿಮೀಟರ್. ಕಫದ ಲೇಪ ಎರಡು ಸೆಂಟಿಮೀಟರ್ ಅಗಲ, ಮೂರು ಸೆಂಟಿಮೀಟರ್ ಉದ್ದ. ರೋಗಾಣು ಇಲ್ಲ ಎಂದು ಬರೆಯುವ ಮುನ್ನ ಟೆಕ್ನೀಷಿಯನ್ ಇಂಥ ನೂರು ವೃತ್ತಗಳನ್ನು ನೋಡಿರಬೇಕು. ನೂರನ್ನೂ ಸೇರಿಸಿದರೆ ಮೂರು ಚದರ ಮಿಲಿಮೀಟರ್ ಆಯಿತು. ಲೇಪದ ಇನ್ನೂರರಲ್ಲಿ ಒಂದು ಪಾಲು. ಒಂದು ಮಿಲಿಲೀಟರ್ ಕಫದಲ್ಲಿ ಹತ್ತು ಸಾವಿರದಷ್ಟಾದರೂ ರೋಗಾಣುಗಳಿದ್ದರೆ ಮಾತ್ರ ಈ ಹುಡುಕಾಟಕ್ಕೆ ಅವು ಸಿಕ್ಕುವ ಭರವಸೆ. ದಿನಕ್ಕೆ 20-25 ಸ್ಲೈಡುಗಳಿಗಿಂತ ಹೆಚ್ಚು ನೋಡಬಾರದು ಎಂದು ಕೈಪಿಡಿಗಳು ಹೇಳುವುದು ಸುಮ್ಮನಲ್ಲ. ದಣಿದ ಕಣ್ಣಿಗೆ ನೂರನೆಯ ವೃತ್ತ ಖಾಲಿಯಾಗಿಯೇ ಕಾಣುತ್ತದೆ.

ಹಾಗಾದರೆ ವರ್ಧನೆ ಇಳಿಸಿಬಿಟ್ಟರೆ? ಅದಕ್ಕೂ ದಾರಿ ಸಿಕ್ಕಿತು. ಅರಮೈನ್ ಎಂಬ ಬಣ್ಣ ಹೀರಿದ ಕ್ಷಯಾಣು ನೀಲಿ ಬೆಳಕು ಬಿದ್ದಾಗ ಕಪ್ಪು ಹಿನ್ನೆಲೆಯಲ್ಲಿ ಹಳದಿ ಹಸಿರಾಗಿ ಹೊಳೆಯುತ್ತದೆ. ಹೊಳೆಯುವ ವಸ್ತುವನ್ನು ಪತ್ತೆ ಹಚ್ಚಲು ಅದರ ಅಂಚು, ಆಕಾರ ಬಿಡಿಯಾಗಿ ಕಾಣಲೇಬೇಕೆಂದಿಲ್ಲ; ಇದೆ ಎಂದು ತಿಳಿದರೆ ಆಯಿತು. ಆದ್ದರಿಂದ 200ರಿಂದ 400 ಪಟ್ಟು ಸಾಕಾಗುತ್ತದೆ. 400 ಪಟ್ಟಿನಲ್ಲಿ ಒಮ್ಮೆಗೆ ಕಾಣುವ ಜಾಗ ಸಾವಿರ ಪಟ್ಟಿನದ್ದಕ್ಕಿಂತ ಆರು ಪಟ್ಟು ಹೆಚ್ಚು. ಮೊದಲು ದುಬಾರಿ ಪಾದರಸ ದೀಪ, ಕತ್ತಲ ಕೋಣೆ ಬೇಕಿದ್ದ ಈ ವಿಧಾನ ಎಲ್‌ಇಡಿ ದೀಪ ಬಂದ ಮೇಲೆ ಅಗ್ಗವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು. ವರ್ಧನೆ ಅರ್ಧಕ್ಕಿಂತ ಕೆಳಗಿಳಿಯಿತು, ಸಿಕ್ಕುವ ರೋಗಿಗಳ ಸಂಖ್ಯೆ ಏರಿತು.

ಈಗ ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ಪರೀಕ್ಷೆಗಳು ಬಂದಿವೆ. ಅವುಗಳಲ್ಲೊಂದಾದ ಟ್ರೂನ್ಯಾಟ್‌ನ ತಂತ್ರಜ್ಞಾನ ಬೆಳೆದದ್ದು ಬೆಂಗಳೂರಿನಲ್ಲಿ. ಸತ್ತ ರೋಗಾಣುವಿನ ಡಿಎನ್‌ಎಗೂ ಇಂಥ ಪರೀಕ್ಷೆ ಸ್ಪಂದಿಸುವುದರಿಂದ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಸೂಕ್ಷ್ಮದರ್ಶಕ ಇನ್ನೂ ಬೇಕು.

ಗಡಿಯ ಆಚೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜ್ವರ ಹಳ್ಳಿಗಳಿಗೂ ಹಬ್ಬಿದಾಗ ಸಿಕ್ಕ ವೈರಾಣುವಿನ ಅಗಲ ಸುಮಾರು 50 ನ್ಯಾನೊಮೀಟರ್. ಬೆಳಕಿನ ಮಿತಿಯ ನಾಲ್ಕನೇ ಒಂದು ಪಾಲು. ಲೋಕದ ಯಾವ ಗಾಜಿನ ಮಸೂರವೂ ಅದರ ಆಕಾರವನ್ನು ತೋರಿಸಲಾರದು. ಸೂತ್ರದಲ್ಲಿ ಉಳಿದಿರುವ ದಾರಿ ಒಂದೇ: ತರಂಗದೂರವನ್ನೇ ಕಿರಿದಾಗಿಸಬೇಕು.

1931ರಲ್ಲಿ ಬರ್ಲಿನ್ನಿನಲ್ಲಿ ಅರ್ನ್‌ಸ್ಟ್ ರುಸ್ಕಾ ಮತ್ತು ಮಾಕ್ಸ್ ಕ್ನೋಲ್, ಗಾಜಿನ ಬದಲು ಕಾಂತದ ಸುರುಳಿಗಳನ್ನು ಮಸೂರವಾಗಿಸಿ, ಬೆಳಕಿನ ಬದಲು ಎಲೆಕ್ಟ್ರಾನುಗಳಿಂದ ಪ್ರತಿಬಿಂಬ ಮೂಡಿಸಿದರು. ಆ ಮೊದಲ ಯಂತ್ರದ ವರ್ಧನೆ 17 ಪಟ್ಟಿನ ಆಸುಪಾಸು. ಒಳ್ಳೆಯ ಭೂತಗನ್ನಡಿಯೂ ಅದಕ್ಕೆ ಸರಿಸಾಟಿಯಾಗಬಲ್ಲದು. ಎಲೆಕ್ಟ್ರಾನಿಗೂ ಅಲೆಯ ಗುಣವಿದೆ ಎಂದು ಆಮೇಲೆ ತಿಳಿದಾಗ, ಇಲ್ಲಿಯೂ ಮಿತಿ ಅಡ್ಡ ಬಂತಲ್ಲ ಎಂದು ರುಸ್ಕಾ ಮೊದಲು ನಿರಾಶರಾದರು. ಲೆಕ್ಕ ಹಾಕಿ ನೋಡಿದರೆ ಆ ಅಲೆ ಬೆಳಕಿನದಕ್ಕಿಂತ ಲಕ್ಷ ಪಟ್ಟು ಕಿರಿದು. 1933ರ ಹೊತ್ತಿಗೆ ಅವರ ಯಂತ್ರ ಬೆಳಕಿನ ಸೂಕ್ಷ್ಮದರ್ಶಕವನ್ನು ಹಿಂದಿಕ್ಕಿತು. ವೈರಾಣುಗಳ ಆಕಾರ ಕಂಡದ್ದು ಆ ದಶಕದ ಕೊನೆಯಲ್ಲಿ. ರುಸ್ಕಾ ಅವರಿಗೆ ನೊಬೆಲ್ ಬಂದದ್ದು 1986ರಲ್ಲಿ. ವರ್ಧನೆಯ ಅಂಕಿಯಿಂದಲೇ ಅಳೆದಿದ್ದರೆ 17 ಪಟ್ಟಿನ ಆ ಯಂತ್ರವನ್ನು ಯಾರೂ ಮುಂದುವರಿಸುತ್ತಿರಲಿಲ್ಲ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ನಿರ್ವಾತ ಬೇಕು. ಜೀವಂತ ಕೋಶ ಅಲ್ಲಿ ಉಳಿಯದು. ಅಣುಗಳನ್ನು ಮಂಜುಗಟ್ಟಿಸಿ ನೋಡುವ ಕ್ರಯೊ ವಿಧಾನ ಅವುಗಳ ಸಹಜ ರೂಪವನ್ನು ಕಾಪಾಡುತ್ತದೆ. ಅದರ ರಾಷ್ಟ್ರೀಯ ಕೇಂದ್ರವೊಂದು ಬೆಂಗಳೂರಿನಲ್ಲಿಯೇ ಇದೆ. ಜೀವಂತ ಕೋಶದೊಳಗೆ ಬೆಳಕಿನಿಂದಲೇ ಆಬೆಯ ಮಿತಿಗಿಂತ ಸೂಕ್ಷ್ಮವಾಗಿ ನೋಡಲು ಸ್ಟೆಫಾನ್ ಹೆಲ್, ಎರಿಕ್ ಬೆಟ್ಜಿಗ್, ವಿಲಿಯಂ ಮೊರ್ನರ್ ದಾರಿ ಹುಡುಕಿದರು. ಒತ್ತೊತ್ತಾಗಿರುವ ಅಣುಗಳೆಲ್ಲ ಒಟ್ಟಿಗೆ ಹೊಳೆದರೆ ಒಂದೇ ಮಬ್ಬು. ಸರದಿಯಂತೆ ಬೆರಳೆಣಿಕೆಯಷ್ಟನ್ನೇ ಹೊಳೆಯಿಸಿದರೆ, ಪ್ರತಿ ಮಬ್ಬುಚುಕ್ಕೆಯ ನಡುಮಧ್ಯ ಎಲ್ಲಿದೆಯೆಂದು ಲೆಕ್ಕ ಹಾಕಿ ಅಣುವಿನ ಜಾಗವನ್ನು ಗುರುತಿಸಬಹುದು. ಇದು ಅವರು ತೋರಿದ ದಾರಿಗಳಲ್ಲೊಂದು. 2014ರ ರಸಾಯನ ವಿಜ್ಞಾನದ ನೊಬೆಲ್ ಮೂವರಿಗೂ ಸಂದಿತು. ಅವರು ಆಬೆಯ ಸೂತ್ರವನ್ನು ಸುಳ್ಳು ಮಾಡಲಿಲ್ಲ. ಎಲ್ಲವೂ ಒಮ್ಮೆಗೇ ಬೆಳಗುತ್ತದೆ ಎಂಬ ಅದರ ನಿಬಂಧನೆಯನ್ನು ಸಡಿಲಿಸಿದರು.

ಕೊಳ್ಳುವಾಗ, ಕಲಿಸುವಾಗ

ಮಕ್ಕಳಿಗೆಂದು ಮಾರುವ ಪ್ಲಾಸ್ಟಿಕ್ ಸೂಕ್ಷ್ಮದರ್ಶಕದ ಡಬ್ಬಿಯ ಮೇಲೆ 1200 ಪಟ್ಟು ಎಂದಿರುತ್ತದೆ. ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಕ್ಯಾಮೆರಾದ ಮೇಲೆ 1600 ಎಂದಿರುತ್ತದೆ. ಎನ್‌ಎ ಎಷ್ಟೆಂದು ಬರೆದಿರುವುದಿಲ್ಲ. ಪರದೆಯ ಮೇಲೆ ನೋಡುವಾಗಲಂತೂ ವರ್ಧನೆಯ ಅಂಕಿಗೆ ನೆಲೆಯೇ ಇಲ್ಲ: ಅದೇ ಚಿತ್ರವನ್ನು ಎರಡು ಪಟ್ಟು ದೊಡ್ಡ ಟಿವಿಯಲ್ಲಿ ಹಾಕಿದರೆ ವರ್ಧನೆ ಇಮ್ಮಡಿಯಾಯಿತು, ವಿವರ ಅಷ್ಟೇ ಉಳಿಯಿತು. ಅದಕ್ಕೇ ವಿಜ್ಞಾನದ ಪತ್ರಿಕೆಗಳು ಚಿತ್ರದೊಳಗೇ ಒಂದು ಅಳತೆಗೆರೆ ಎಳೆದು, ಇದರ ಉದ್ದ ಇಷ್ಟು ಮೈಕ್ರೊಮೀಟರ್ ಎಂದು ಬರೆಯುತ್ತವೆ. ಚಿತ್ರವನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಗೆರೆಯೂ ಜೊತೆಗೇ ಬದಲಾಗುತ್ತದೆ, ಸುಳ್ಳು ಹೇಳುವುದಿಲ್ಲ.

ಶಾಲೆಗೆ ಸಾವಿರ ಪಟ್ಟು ಬೇಕಾಗಿಯೂ ಇಲ್ಲ. ಈರುಳ್ಳಿ ಪೊರೆಯ ಕೋಶಗಳು ನೂರು ಪಟ್ಟಿನಲ್ಲಿ ಚೆನ್ನಾಗಿ ಕಾಣುತ್ತವೆ. ಕೆರೆ ನೀರಿನ ಪ್ಯಾರಮೀಸಿಯಂ ಕೂಡ. ಕೆನ್ನೆಯ ಒಳಗಿನ ಕೋಶ, ಅದರ ಕೇಂದ್ರ ನೋಡಲು ನಾನೂರು ಸಾಕು. 4, 10, 40 ಪಟ್ಟಿನ ಮೂರು ಒಳ್ಳೆಯ ಗಾಜಿನ ಮಸೂರಗಳಿರುವ ಗಟ್ಟಿಮುಟ್ಟಾದ ಉಪಕರಣ ಒಂದು ಪ್ರೌಢಶಾಲೆಗೆ ಹತ್ತಾರು ವರ್ಷ ಬಾಳಿಕೆ ಬರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳಬೇಕು: ಉಪಕರಣವಿಡುವ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇರಲಿ, ಇಲ್ಲವೇ ಚಿಕ್ಕ ಬಲ್ಬು ಉರಿಯುತ್ತಿರಲಿ.

ಪ್ರತಿ ಒಳ್ಳೆಯ ವಸ್ತುಮಸೂರದ ಮೈಮೇಲೆ ಎರಡು ಅಂಕಿಗಳನ್ನು ಕೊರೆದಿರುತ್ತಾರೆ: 10, ಪಕ್ಕದಲ್ಲಿ 0.25; 40, ಪಕ್ಕದಲ್ಲಿ 0.65; 100, ಪಕ್ಕದಲ್ಲಿ 1.25. ಮೊದಲನೆಯದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಹೇಳುತ್ತದೆ, ಎರಡನೆಯದು ಎಷ್ಟು ನಿಜ ಕಾಣುತ್ತದೆ ಎಂದು. ನಮ್ಮ ತರಗತಿಗಳಲ್ಲಿ ಮೊದಲ ಅಂಕಿಯ ಗುಣಾಕಾರ ಕಲಿಸಿ ಮುಗಿಸುತ್ತೇವೆ. ಎರಡನೆಯದನ್ನೂ ಕಲಿಸಬೇಕು, ಪ್ರೌಢಶಾಲೆಯ ಭಾಗಾಕಾರ ಬಲ್ಲವರಿಗೆ ಅದು ಕಠಿಣವೇನಲ್ಲ. ಶಾಲೆಗೆ, ಆಸ್ಪತ್ರೆಗೆ ಉಪಕರಣ ಕೊಳ್ಳುವವರು ಟೆಂಡರ್ ಪತ್ರದಲ್ಲಿ ಅದನ್ನು ಬರೆಯಬೇಕು, ಬಂದ ಮಸೂರದ ಮೇಲೆ ಅದನ್ನು ಓದಿ ಪಡೆದುಕೊಳ್ಳಬೇಕು. ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಗೆ ಹಣ ಸುರಿದು ವಿವರ ತೋರಿಸದ ಯಂತ್ರವನ್ನು ತಂದಿಟ್ಟರೆ ಮೋಸ ಹೋಗುವುದು ಲೆಕ್ಕಪತ್ರ ಮಾತ್ರವಲ್ಲ. ಕೆಮ್ಮಿಕೊಂಡು ಬಂದು, ಏನೂ ಇಲ್ಲ ಎಂಬ ಚೀಟಿ ಹಿಡಿದು ಊರಿಗೆ ಮರಳುವ ರೋಗಿಯೂ ಮೋಸ ಹೋಗುತ್ತಾನೆ.